ಅದಿರು ಯಾವುದು, ವೇಸ್ಟ್ ಯಾವುದು? ಗಣಿಯ ಹಣೆಪಟ್ಟಿಗಳ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಕುದುರೆಮುಖದಲ್ಲಿ ಅಗೆಯುತ್ತಿದ್ದ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣ ಇದ್ದದ್ದು ಶೇ 38ರ ಆಸುಪಾಸು. ಅದನ್ನು ನುಣ್ಣಗೆ ಅರೆದು, ಅಯಸ್ಕಾಂತದ ಬಲದಿಂದ ಬೇರ್ಪಡಿಸಿ, ಶೇ 67ರಷ್ಟು ಕಬ್ಬಿಣವಿರುವ ಪುಡಿ ಮಾಡಿ, ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಹರಿಸುತ್ತಿದ್ದರು. ಅದೇ ಕಾಲದಲ್ಲಿ ಬಳ್ಳಾರಿ ಕಡೆಯ ಹೆಮಟೈಟ್ ಗಣಿಗಳಲ್ಲಿ ಶೇ 50 ಕಬ್ಬಿಣವಿದ್ದ ಕಲ್ಲು ಕೂಡ ಅದಿರಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದೇ ರಾಜ್ಯ, ಒಂದೇ ಲೋಹ. ಬಡ ಕಲ್ಲು ಅದಿರಾಯಿತು, ಅದಕ್ಕಿಂತ ಸಿರಿವಂತ ಕಲ್ಲು ಬದಿಗೆ ಬಿತ್ತು.

ಅದಿರು ಯಾವುದೆಂದು ಪ್ರಕೃತಿಯೇ ನಿಶ್ಚಯಿಸಿಬಿಟ್ಟಿದೆ, ಭೂವಿಜ್ಞಾನಿ ಅದನ್ನು ಹುಡುಕಿ ಕೊಟ್ಟರೆ ಸಾಕು ಎಂಬ ನಂಬಿಕೆ ಇಲ್ಲಿಯೇ ಕುಸಿಯುತ್ತದೆ. ಕಲ್ಲಿನಲ್ಲಿ ಲೋಹ ಎಷ್ಟಿದೆ ಎಂಬುದು ಪ್ರಕೃತಿಯ ಸಂಗತಿ. ಆ ಕಲ್ಲು ಅದಿರು ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾರುಕಟ್ಟೆಯ ಬೆಲೆ, ಲೋಹ ಬೇರ್ಪಡಿಸುವ ವಿಧಾನ, ಸಾಗಣೆಯ ಖರ್ಚು ಮತ್ತು ಕಾನೂನು. ಭಾರತೀಯ ಗಣಿ ಬ್ಯೂರೊ 2009ರಲ್ಲಿ ಹೆಮಟೈಟ್‌ನ ಕನಿಷ್ಠ ಮಿತಿಯನ್ನು ಶೇ 55ರಿಂದ 45ಕ್ಕೆ ಇಳಿಸಿತು. ಬೆಟ್ಟದಲ್ಲಿ ಒಂದು ಹರಳೂ ಕದಲಲಿಲ್ಲ, ಆದರೆ ದೇಶದ ಗಣಿ ಲೆಕ್ಕದಲ್ಲಿ ನಿನ್ನೆಯವರೆಗೆ ವೇಸ್ಟ್ ಆಗಿದ್ದ ಕಲ್ಲು ಅದಿರಿನ ಕಡೆಗೆ ದಾಟಿತು. ಅಮೆರಿಕದ ಯೂಟಾದಲ್ಲಿರುವ ಬಿಂಗ್‌ಹ್ಯಾಮ್ ಕ್ಯಾನ್ಯನ್‌ನದೂ ಇದೇ ಬಗೆಯ ಚರಿತ್ರೆ. ಶೇ 2ರಷ್ಟೇ ತಾಮ್ರವಿದ್ದ ಆ ಬೆಟ್ಟ ಅಗೆದರೂ ಲಾಭ ಕೊಡದ್ದೆಂದು ಹಲವರು ತಳ್ಳಿಹಾಕಿದ್ದರು. 1906ರಲ್ಲಿ ಉಗಿಯಂತ್ರದ ಷವೆಲ್‌ಗಳು ಬಂದು ದೊಡ್ಡ ಪ್ರಮಾಣದಲ್ಲಿ ಅಗೆಯತೊಡಗಿದ ಮೇಲೆ ಅದು ಜಗತ್ತಿನ ದೊಡ್ಡ ತಾಮ್ರದ ಗಣಿಗಳಲ್ಲಿ ಒಂದಾಯಿತು.

ಈಗ ಈ ತೀರ್ಮಾನವೆಲ್ಲ ಕಂಪ್ಯೂಟರ್‌ನೊಳಗೆ ನಡೆಯುತ್ತದೆ. ಹಾಗಾಗಿ ಎರಡನೆಯ ನಂಬಿಕೆ ಹುಟ್ಟಿದೆ: ಅದಿರು ಯಾವುದೆಂದು ಸಾಫ್ಟ್‌ವೇರ್ ಹೇಳುತ್ತದೆ ಎಂಬುದು. ಡೆಸ್ವಿಕ್, ಮೈನ್‌ಶೆಡ್‌ನಂಥ ಶೆಡ್ಯೂಲಿಂಗ್ ಸಾಫ್ಟ್‌ವೇರ್‌ಗಳ ಕೆಲಸ ಬೇರೆಯೇ. ಕೊರೆದು ತೆಗೆದ ಮಾದರಿಗಳ ಪರೀಕ್ಷೆಯ ಆಧಾರದ ಮೇಲೆ ಭೂವಿಜ್ಞಾನಿಗಳು ಇಡೀ ನಿಕ್ಷೇಪವನ್ನು ಸಾವಿರಾರು ಬ್ಲಾಕ್‌ಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಗ್ರೇಡ್ (ಕಲ್ಲಿನಲ್ಲಿರುವ ಲೋಹದ ಪ್ರಮಾಣ), ಸಾಂದ್ರತೆ, ಕಲ್ಲಿನ ಜಾತಿ ಬರೆದಿಡುತ್ತಾರೆ. ಯಾವ ಬ್ಲಾಕನ್ನು ಯಾವ ತಿಂಗಳು ಅಗೆಯಬೇಕು, ಎಷ್ಟು ಡಂಪರ್ ಬೇಕು, ಕಲ್ಲು ಅರೆಯುವ ಮಿಲ್ಲಿಗೆ ಹೋಗಬೇಕೋ ವೇಸ್ಟ್ ಸುರಿಯುವ ಡಂಪಿಗೆ ಹೋಗಬೇಕೋ ಎಂದು ಸಾಫ್ಟ್‌ವೇರ್ ಹೊಂದಿಸುತ್ತದೆ. ‘ಇಷ್ಟು ಗ್ರೇಡಿಗಿಂತ ಮೇಲಿದ್ದರೆ ಅದಿರು, ಕೆಳಗಿದ್ದರೆ ವೇಸ್ಟ್’ ಎಂಬ ನಿಯಮವನ್ನು ಮಾತ್ರ ಎಂಜಿನಿಯರ್ ತಾನೇ ಬರೆದು ಕೊಡಬೇಕು. ಆ ಗೆರೆಗೆ ಕಟ್-ಆಫ್ ಗ್ರೇಡ್ ಎಂದು ಹೆಸರು.

ಆ ಗೆರೆ ಎಳೆಯುವಾಗ ಅನುಭವಿಗಳೂ ಎಡವುವ ಜಾಗವೊಂದಿದೆ. ಲೆಕ್ಕ ತಿಳಿಯಾಗಲೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ. ಒಂದು ಟನ್ ಕಲ್ಲನ್ನು ಅರೆದು ಚಿನ್ನ ತೆಗೆಯಲು 1,500 ರೂಪಾಯಿ ಖರ್ಚು. ಗ್ರಾಂ ಚಿನ್ನಕ್ಕೆ 5,000 ರೂಪಾಯಿ. ಕಲ್ಲಿನಲ್ಲಿರುವ ಚಿನ್ನದಲ್ಲಿ ಶೇ 90 ಭಾಗ ಕೈಗೆ ಬರುತ್ತದೆ, ಎಂದರೆ ಗ್ರಾಂಗೆ 4,500 ರೂಪಾಯಿ. 1,500 ರೂಪಾಯಿ ಹುಟ್ಟಬೇಕಾದರೆ ಟನ್ನಿಗೆ 0.33 ಗ್ರಾಂ ಚಿನ್ನ ಬೇಕು. ಅಗೆದು ಸಾಗಿಸುವ ಖರ್ಚು 600 ರೂಪಾಯಿ ಇದೆಯಲ್ಲ, ಅದನ್ನೂ ಸೇರಿಸಿದರೆ ಗೆರೆ 0.47 ಗ್ರಾಂಗೆ ಏರುತ್ತದೆ. ಯಾವುದು ಸರಿ? ಖರ್ಚನ್ನೆಲ್ಲ ಸೇರಿಸುವುದೇ ಜಾಣತನ ಎಂದು ಬಹಳ ಜನ ನಂಬುತ್ತಾರೆ. ಆದರೆ ಕೆಳಗಿನ ಅದಿರನ್ನು ಮುಟ್ಟಲು ಆ ಬ್ಲಾಕನ್ನು ಹೇಗೂ ಅಗೆಯಲೇಬೇಕಾಗಿದ್ದರೆ ಆ 600 ರೂಪಾಯಿ ಎರಡೂ ದಾರಿಯಲ್ಲಿ ಖರ್ಚಾಗುತ್ತದೆ. ತುಂಬಿದ ಡಂಪರ್ ಮಿಲ್ಲಿನ ಕಡೆ ತಿರುಗಬೇಕೋ ಡಂಪಿನ ಕಡೆಗೋ ಎಂಬುದಷ್ಟೇ ಆಗ ಉಳಿಯುವ ಪ್ರಶ್ನೆ, ಅದಕ್ಕೆ 0.33 ಗ್ರಾಂ ಉತ್ತರ. ಗುಂಡಿಯನ್ನು ಇನ್ನೆಷ್ಟು ಅಗಲಿಸಬಹುದು ಎಂದು ಕೇಳಿದಾಗ ಮಾತ್ರ ಅಗೆಯುವ ಖರ್ಚು ಲೆಕ್ಕಕ್ಕೆ ಬರಬೇಕು. ಈ ಎರಡು ಪ್ರಶ್ನೆಗಳನ್ನು ಕಲಸಿದ ಗಣಿಯಲ್ಲಿ, 0.33ಕ್ಕೂ 0.47ಕ್ಕೂ ನಡುವಿನ ಗ್ರೇಡಿನ ಕಲ್ಲು ಲಾಭ ಕೊಡಬಹುದಾಗಿದ್ದೂ ಡಂಪಿನಡಿ ಹೂತುಹೋಗುತ್ತದೆ.

ಚಿನ್ನದ ಬೆಲೆ ಗ್ರಾಂಗೆ 7,500ಕ್ಕೆ ಏರಿತೆನ್ನಿ. ಗೆರೆ 0.22ಕ್ಕೆ ಇಳಿಯುತ್ತದೆ, ಪರದೆಯ ಮೇಲೆ ಸಾಲುಸಾಲು ಬ್ಲಾಕ್‌ಗಳು ಬಣ್ಣ ಬದಲಿಸಿ ಅದಿರಾಗುತ್ತವೆ. ಅದಿರು ಹೆಚ್ಚಿತು, ಹಾಗಾದರೆ ಚಿನ್ನವೂ ಬೇಗ ಬರುತ್ತದೆ ಎಂದು ಹಿಗ್ಗುವುದು ಸಹಜ, ಆದರೆ ತಪ್ಪು. ಮಿಲ್ ದಿನಕ್ಕೆ ಅರೆಯಬಲ್ಲ ಟನ್ನುಗಳು ಬೆಲೆ ಏರಿದ್ದಕ್ಕೆ ಏರುವುದಿಲ್ಲ. 0.25 ಗ್ರಾಂನ ಕಲ್ಲು ಒಳಗೆ ಹೋದರೆ 2 ಗ್ರಾಂನ ಕಲ್ಲು ಹೊರಗೆ ಕಾಯುತ್ತದೆ, ಆ ವರ್ಷದ ಚಿನ್ನ ಕಡಿಮೆಯೇ ಆಗುತ್ತದೆ. ಅಗೆತ, ಮಿಲ್, ಮಾರಾಟ ಈ ಮೂರರಲ್ಲಿ ಎಲ್ಲಿ ದಾರಿ ಇಕ್ಕಟ್ಟಾಗಿದೆಯೋ ಅದನ್ನು ನೋಡಿಯೇ ಕಟ್-ಆಫ್ ನಿಶ್ಚಯಿಸಬೇಕೆಂದು ಕೆನೆತ್ ಲೇನ್ 1964ರಲ್ಲಿಯೇ ತೋರಿಸಿಕೊಟ್ಟರು. ಅದಕ್ಕೇ ಒಳ್ಳೆಯ ಗಣಿ ಯೋಜನೆಗಳಲ್ಲಿ ಅದಿರು ಮತ್ತು ವೇಸ್ಟ್ ಎಂಬ ಎರಡೇ ಖಾನೆ ಇರುವುದಿಲ್ಲ. ಕಡಿಮೆ ಗ್ರೇಡಿನದು ಬೇರೆ ರಾಶಿಯಾಗಿ ತನ್ನ ಸರದಿಗೆ ಕಾಯುತ್ತದೆ. ಭಾರತದ ಖನಿಜ ಸಂರಕ್ಷಣಾ ನಿಯಮಗಳೂ ಇಂಥ ಕಲ್ಲನ್ನು ವೇಸ್ಟ್ ಜೊತೆ ಬೆರೆಸದೆ ಪ್ರತ್ಯೇಕವಾಗಿ ಒಟ್ಟಬೇಕೆನ್ನುತ್ತವೆ.

ಪರದೆಯ ಮೇಲೆ ಇನ್ನೊಂದು ಮೋಸವಿದೆ. ಸುತ್ತಲೂ ವೇಸ್ಟ್ ಇರುವ ಒಂಟಿ ಬ್ಲಾಕನ್ನು ಮೌಸ್ ಒತ್ತಿ ಅದಿರೆಂದು ಗುರುತಿಸಬಹುದು. ಷವೆಲ್‌ನ ಬಕೆಟ್‌ಗೆ ಅದನ್ನು ಅಷ್ಟು ಅಚ್ಚುಕಟ್ಟಾಗಿ ಎತ್ತಲಾಗದು. ಸ್ಫೋಟದಲ್ಲಿ ಅಕ್ಕಪಕ್ಕದ ಕಲ್ಲು ಬೆರೆಯುತ್ತದೆ, ಗ್ರೇಡ್ ಇಳಿಯುತ್ತದೆ.

ವೇಸ್ಟ್ ಎಂದರೆ ಎಲ್ಲಿ ಸುರಿದರೂ ನಡೆಯುವ ಕಲ್ಲು ಎಂಬುದು ಇವೆಲ್ಲಕ್ಕಿಂತ ಅಪಾಯಕಾರಿ ಕಲ್ಪನೆ. ಗಣಿಯೊಳಗಿನ ರಸ್ತೆ, ಮಿಲ್ಲಿನಿಂದ ಹೊರಬೀಳುವ ಪುಡಿಯ ಹೊಂಡಕ್ಕೆ ಕಟ್ಟುವ ಅಣೆ ಇವಕ್ಕೆಲ್ಲ ಗಟ್ಟಿ ಕಲ್ಲು ಬರುವುದು ಆ ಖಾನೆಯಿಂದಲೇ. ಅದರಲ್ಲಿ ಒಂದಷ್ಟನ್ನು ಅದಿರೆಂದು ಬದಲಿಸಿದ ದಿನ ಅಣೆಯ ಕೆಲಸಕ್ಕೆ ಕಲ್ಲು ಸಾಲದೆ ಹೋಗಬಹುದು. ಪೈರೈಟ್ ಇರುವ ಕಲ್ಲಂತೂ ಗಾಳಿ, ಮಳೆನೀರು ತಾಕಿದರೆ ಆಮ್ಲ ಹುಟ್ಟಿಸುತ್ತದೆ. ಆಸ್ಟ್ರೇಲಿಯಾದ ಉತ್ತರ ಭಾಗದ ರಮ್ ಜಂಗಲ್ ಯುರೇನಿಯಂ ಗಣಿಯ ಕೆಲಸ 1971ರಲ್ಲಿ ನಿಂತರೂ, ಅಲ್ಲಿ ಒಟ್ಟಿದ್ದ ಕಲ್ಲಿನಿಂದ ಹರಿದ ಆಮ್ಲ ಮತ್ತು ಲೋಹಗಳು ಫಿನ್ನಿಸ್ ನದಿಯ ಪೂರ್ವ ಶಾಖೆಯನ್ನು ದಶಕಗಳ ಕಾಲ ಕೆಡಿಸಿದವು. ಆಮ್ಲ ಬಿಡುವ ಕಲ್ಲಿಗೆ ಶೆಡ್ಯೂಲ್‌ನಲ್ಲಿ ಅದರದೇ ಹಣೆಪಟ್ಟಿ ಇರಬೇಕು, ಅದು ಡಂಪಿನ ನಡುವೆ ಮುಚ್ಚಿಹೋಗುವಂತೆ ದಿನಾಂಕವೂ ನಿಗದಿಯಾಗಬೇಕು.

ಡಂಪ್ ಸೇರಿದ್ದು ಮತ್ತೆ ಅದಿರಾಗದು ಎನ್ನುವವರು ಕೋಲಾರವನ್ನು ನೋಡಬೇಕು. 2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿದಾಗ ಉಳಿದದ್ದು ಮಿಲ್ಲಿನಿಂದ ಹೊರಬಿದ್ದ ಪುಡಿಯ 13 ಸೈನೈಡ್ ದಿಬ್ಬಗಳು, ಸುಮಾರು 3.3 ಕೋಟಿ ಟನ್. ಟನ್ನಿಗೆ ಒಂದು ಗ್ರಾಂ ಕೂಡ ತುಂಬದ ಚಿನ್ನಕ್ಕಾಗಿ ಅವನ್ನು ಮತ್ತೆ ಸಂಸ್ಕರಿಸುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನ ಬೆಲೆಗೆ ಬೇಡವಾಗಿದ್ದದ್ದು ಇಂದಿನ ಬೆಲೆಗೆ ಬೇಕಾಗಿದೆ. ಈ ದಿಬ್ಬಗಳ ಧೂಳನ್ನು ಇಷ್ಟು ವರ್ಷ ಉಸಿರಾಡಿದ ಊರಿನ ಜನರ ಆರೋಗ್ಯ ಮತ್ತು ಜೀವನೋಪಾಯವೂ ಈ ಹೊಸ ಲೆಕ್ಕದ ಒಳಗೇ ಇರಬೇಕು.

ಇನ್ನು ಸಾಫ್ಟ್‌ವೇರ್‌ನಲ್ಲಿ ಹಣೆಪಟ್ಟಿ ಬದಲಿಸುವ ಕೆಲಸದ ಮಾತು. ಬ್ಲಾಕ್‌ಗಳು ಅದಿರಾಗಲೆಂದು ಗ್ರೇಡಿನ ಅಂಕಿಯನ್ನೇ ತಿದ್ದಿಬಿಟ್ಟರೂ ಪರಿಣಾಮ ಒಂದೇ ಎಂದು ಅವಸರದಲ್ಲಿರುವವರು ಭಾವಿಸುತ್ತಾರೆ. ಗ್ರೇಡ್ ಅಳತೆಯಿಂದ ಬಂದದ್ದು, ಹಣೆಪಟ್ಟಿ ನಿಯಮದಿಂದ ಬಂದದ್ದು. ಗ್ರೇಡನ್ನು ಹಾಗೆಯೇ ಬಿಟ್ಟು, ಹೊಸ ಕಾಲಂನಲ್ಲಿ ಹೊಸ ನಿಯಮದ ಫಲಿತಾಂಶ ಬರೆದು, ಯಾವ ಬೆಲೆಗೆ, ಯಾವ ದಿನ, ಯಾರು ಬದಲಿಸಿದರೆಂದು ನಮೂದಿಸಿ, ಶೆಡ್ಯೂಲನ್ನು ಮೊದಲಿನಿಂದ ಮತ್ತೆ ಓಡಿಸಬೇಕು. ಡಂಪರ್‌ಗಳ ಗಂಟೆ, ಮಿಲ್ಲಿನ ಹೊರೆ, ಡಂಪಿನ ಜಾಗ ಎಲ್ಲವೂ ಅದರೊಂದಿಗೆ ಬದಲಾಗಿರುತ್ತವೆ. ತಿಂಗಳ ಕೊನೆಯಲ್ಲಿ ಬ್ಲಾಕ್ ಮಾಡೆಲ್ ಹೇಳಿದ ಲೋಹವನ್ನೂ ಮಿಲ್ಲಿನಿಂದ ನಿಜವಾಗಿ ಬಂದ ಲೋಹವನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಗ್ರೇಡನ್ನೇ ತಿದ್ದಿದ ಗಣಿಯಲ್ಲಿ ಆ ಎರಡು ಅಂಕಿಗಳ ನಡುವಿನ ಅಂತರ ಮಾಡೆಲಿನ ದೋಷವೋ, ಷವೆಲ್‌ನಲ್ಲಿ ಬೆರೆತ ಕಲ್ಲೋ, ತಿದ್ದಿದ ಅಂಕಿಯೋ ಎಂದು ಪತ್ತೆ ಹಚ್ಚಲು ಯಾರಿಗೂ ಆಗುವುದಿಲ್ಲ.