ಬೈಕು ಬುಡದಲ್ಲಿರಲಿ

ರೋಣ ತಾಲ್ಲೂಕಿನ ಅಸೂಟಿ ಕಡೆಯಿಂದ ಗಜೇಂದ್ರಗಡ, ಕುಷ್ಟಗಿ ಮಾರ್ಗವಾಗಿ ಗಂಗಾವತಿಗೆ ಬೈಕ್ ಓಡಿಸುವವರ ಗುರಿ ಸಾಮಾನ್ಯವಾಗಿ ಅಂಜನಾದ್ರಿ, ಇಲ್ಲವೇ ಹಂಪಿ. ಗಂಗಾವತಿಗೆ ಹತ್ತಿರದ ಹಿರೇಬೆಣಕಲ್ ಗುಡ್ಡವನ್ನೂ ಅವರು ನೋಡಲೇಬೇಕು. ಆದರೆ ಬೈಕು ಬುಡದಲ್ಲೇ ನಿಲ್ಲಬೇಕು. ಅಲ್ಲಿರುವುದು ಎರಡು ಸಾವಿರ ವರ್ಷಕ್ಕೂ ಹಿಂದಿನ ಜನರ ನೂರಾರು ಶಿಲಾಸಮಾಧಿಗಳು: ನಿಲ್ಲಿಸಿದ ಕಲ್ಲುಚಪ್ಪಡಿಗಳ ಗೋಡೆ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಮೇಲೊಂದು ಮುಚ್ಚುಗಲ್ಲು. ಗಾರೆಯ ಹಂಗೇ ಇಲ್ಲ. ಊರವರು ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಮೋರ್ಯರೆಂಬ ಗಿಡ್ಡ ಜನ ಇಲ್ಲಿ ಬಾಳಿದ್ದರೆಂಬುದು ಅವರ ನಂಬಿಕೆ. ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ಕಲ್ಲಿದೆ, ಬಡಿದರೆ ದನಿಗೊಡುತ್ತದೆ. (ಕೇಳಿದ್ದನ್ನು ನಂಬಿ, ಬಡಿಯುವುದು ಬೇಡ.)

ಇಷ್ಟು ಕಾಲ ನಿಂತ ಕಲ್ಲು ಬೈಕಿಗೆ ಬೀಳುತ್ತದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಕಲ್ಲಿನದಲ್ಲ, ಮಣ್ಣಿನದು. ಹಲವೆಡೆ ಚಪ್ಪಡಿಗಳ ಕಾಲನ್ನು ಹಿಡಿದಿರುವುದು ಬಂಡೆಯ ಮೇಲಿನ ತೆಳು ಮಣ್ಣು. ಚಕ್ರ ಗೀರಿದ ಜಾಡಿನಲ್ಲಿ ಮಳೆನೀರು ಹರಿದರೆ ಅದು ಕೊಚ್ಚಿಹೋಗುತ್ತದೆ, ಜೊತೆಗೆ ಅದರೊಳಗಿನ ಮಡಕೆಚೂರಿನಂಥ ಕುರುಹುಗಳೂ. ನಿಧಿಗಳ್ಳರು ಈಗಾಗಲೇ ಸಾಕಷ್ಟು ಸಮಾಧಿಗಳನ್ನು ಕೆಡವಿದ್ದಾರೆ. ನಡೆಯಲಾಗದ ಹಿರಿಯರ ಗತಿಯೇನು ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರ ಒಳ್ಳೆಯ ಕಾಲುದಾರಿ, ನೆರಳು, ಊರಿನ ಮಾರ್ಗದರ್ಶಿ. ಗುಡ್ಡದ ಮೇಲೆ ಬೈಕಲ್ಲ. ಮಾರ್ಗದರ್ಶಿಗೆ ಕೊಟ್ಟ ಹಣ ಊರಲ್ಲೇ ಉಳಿಯುತ್ತದೆ ಕೂಡ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದೆ. ಹೋಗುವವರು ಬಿಸಿಲೇರುವ ಮೊದಲೇ ಹತ್ತಿ, ಕುಡಿಯುವ ನೀರು ಒಯ್ಯಿರಿ.