ಡೈನಮೊ ಬಲ್ಲ ಮೇಸ್ತ್ರಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಹಿಂದಿನ ಓಣಿಯಲ್ಲಿ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಓಣಿಗೆಲ್ಲ ಅವರು ‘ಮೇಸ್ತ್ರಿ’. ಹಳೆಯ ಅಂಬಾಸಿಡರ್, ಮೋರಿಸ್ ಮೈನರ್ ಇಟ್ಟುಕೊಂಡವರು ಬ್ಯಾಟರಿಯ ಮೇಲೆ ಬ್ಯಾಟರಿ ಬದಲಿಸಿ ಸುಸ್ತಾಗಿ ಕೊನೆಗೆ ಬಂದು ನಿಲ್ಲುವುದು ಅವರ ಮುಂದೆ. ಗಾಡಿ ಬಂದ ಕೂಡಲೇ ಅವರು ಬಾನೆಟ್ ಎತ್ತುವುದಿಲ್ಲ. ಕೀ ತಿರುಗಿಸಲು ಹೇಳಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ನೋಡುತ್ತಾರೆ. ಕೀ ಹಾಕಿದಾಗ ಅದು ಹೊತ್ತಬೇಕು, ಇಂಜಿನ್ ವೇಗ ಏರಿದಂತೆ ಆರಬೇಕು. ಆರದಿದ್ದರೆ ಅವರ ಕೈ ಮೊದಲು ಹೋಗುವುದು ಫ್ಯಾನ್ ಬೆಲ್ಟಿಗೆ. ಬೆಲ್ಟು ಬಿಗಿಯಾಗಿದ್ದರೆ ಮಾತ್ರ, ಅದರಿಂದ ತಿರುಗಿ ಬ್ಯಾಟರಿಗೆ ಕರೆಂಟು ತುಂಬುವ ಡೈನಮೊ ಕಡೆಗೆ.

ಈ ಡೈನಮೊ ಬಹುಪಾಲು ಲೂಕಾಸ್ ಮಾದರಿಯದು. ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿ ಟಿವಿಎಸ್ ಜೊತೆ ಸೇರಿ 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್-ಟಿವಿಎಸ್ ಆಯಿತು. ಮುಂದೆ ನಮ್ಮ ರಸ್ತೆಯ ಎಷ್ಟೋ ಗಾಡಿಗಳ ಸೆಲ್ಫು, ಡೈನಮೊಗಳ ಮೇಲೆ ಅದೇ ಹೆಸರು. ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ್ದು 2014ರಲ್ಲಿ. ಅಷ್ಟರಲ್ಲಿ ಡೈನಮೊ ಕಾಲ ಎಂದೋ ಮುಗಿದು, ಆಲ್ಟರ್ನೇಟರ್ ಬಂದು ಕೂತಿತ್ತು. ಚರಿತ್ರೆ ಇಷ್ಟು ಸಾಕು. ನಾನು ಹೋದದ್ದು ಮೇಸ್ತ್ರಿಯ ಒಂದು ಪರೀಕ್ಷೆ ನೋಡಲು.

ಡೈನಮೊ ಬೆನ್ನಿಗೆ ಎರಡು ಟರ್ಮಿನಲ್‌ಗಳಿವೆ. ದೊಡ್ಡದು ಡಿ, ಕರೆಂಟು ಹೊರಬರುವ ದಾರಿ. ಚಿಕ್ಕದು ಎಫ್, ಒಳಗಿನ ಫೀಲ್ಡ್ ಕಾಯಿಲಿನದು. ಎರಡರ ವೈರುಗಳನ್ನೂ ಕಳಚಿ, ಒಂದು ತುಂಡು ತಂತಿಯಿಂದ ಡಿ ಮತ್ತು ಎಫ್‌ಗಳನ್ನು ಜೋಡಿಸುತ್ತಾರೆ. ಮೀಟರಿನ ಒಂದು ವೈರು ಆ ತಂತಿಗೆ, ಇನ್ನೊಂದು ಬಾಡಿಗೆ. ಅವರದು ಮುಳ್ಳಿನ ಮೀಟರು. ಅಂಕಿ ಕುಣಿಯುವ ಹೊಸ ಮೀಟರಿಗಿಂತ ಮುಳ್ಳು ಏರುವ ಬಗೆಯೇ ಹೆಚ್ಚು ಹೇಳುತ್ತದೆ ಎಂಬ ಅವರ ಮಾತು ನನಗೂ ಒಪ್ಪಿತ. ಇಂಜಿನ್ ಹಚ್ಚಿ ನಿಧಾನವಾಗಿ ಆಕ್ಸಿಲರೇಟರ್ ಕೊಡಬೇಕು. ಮುಳ್ಳು ತಡವರಿಸದೆ 20 ವೋಲ್ಟಿನವರೆಗೆ ಏರಿತೇ? ಡೈನಮೊ ಗಟ್ಟಿ. ಅಲ್ಲಿಗೇ ನಿಲ್ಲಿಸಬೇಕು, ಇಂಜಿನ್ ಸಾವಿರ ಸುತ್ತು ದಾಟಬಾರದು. ಮುಳ್ಳು ಅಲುಗದೇ ಇದ್ದರೆ ಕಾರ್ಬನ್ ಬ್ರಷ್ ಕಮ್ಯುಟೇಟರಿಗೆ ತಾಗುತ್ತಿಲ್ಲ ಎಂಬ ಅನುಮಾನ. ಅರ್ಧದಿಂದ ಒಂದು ವೋಲ್ಟಿಗೆ ನಿಂತರೆ ಫೀಲ್ಡ್ ಕಾಯಿಲು. ನಾಲ್ಕೈದು ವೋಲ್ಟಿಗೆ ನಿಂತರೆ ಆರ್ಮೇಚರು. ಬಿಚ್ಚದೆ, ಬಡಿಯದೆ ಇಷ್ಟು ತಿಳಿಯುತ್ತದೆ.

“ಬಿಚ್ಚೋದು ಯಾರು ಬೇಕಾದ್ರೂ ಮಾಡ್ತಾರೆ ಸಾರ್, ಮೊದ್ಲು ಕೇಳ್ಬೇಕು ಅದನ್ನ” ಎಂದರು ಮೇಸ್ತ್ರಿ.

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯದು ಬೇರೆ ಕಥೆ. ಡೈನಮೊ ಶುರುವಾಗುವುದು ಒಳಗಿನ ಕಬ್ಬಿಣದಲ್ಲಿ ಉಳಿದ ಚೂರು ಅಯಸ್ಕಾಂತ ಶಕ್ತಿಯಿಂದ. ಅದು ಸೋರಿಹೋದರೆ ಎಲ್ಲ ಸರಿಯಿದ್ದೂ ಕರೆಂಟು ಹುಟ್ಟುವುದಿಲ್ಲ. ಆಗ ಬ್ಯಾಟರಿಯಿಂದ ಎಫ್‌ಗೆ ಒಂದು ವೈರನ್ನು ಕ್ಷಣಮಾತ್ರ ಮುಟ್ಟಿಸುತ್ತಾರೆ. ಚಿಟ್ಟೆಂದು ಸಣ್ಣ ಕಿಡಿ, ಅಷ್ಟೇ. ಹಳೆಯ ಮೋರಿಸ್‌ಗಳಲ್ಲಿ ಪಾಸಿಟಿವ್ ಬಾಡಿಗೆ ಅರ್ತ್ ಆಗಿರುತ್ತದೆ. ಅದನ್ನು ತಿಳಿಯದೆ ಕೈಯಿಟ್ಟರೆ ಡೈನಮೊ ತಲೆಕೆಳಗಾಗಿ ಕೆಲಸ ಮಾಡುತ್ತದೆ.

ಡೈನಮೊ ಸರಿಯಿದ್ದರೆ ದೋಷ ಕಟೌಟ್ ಪೆಟ್ಟಿಗೆಯಲ್ಲೋ, ನಡುವಿನ ವೈರಿನಲ್ಲೋ ಇರುತ್ತದೆ. ಇಂಜಿನ್ ನಿಧಾನವಾದಾಗ ಬ್ಯಾಟರಿಯ ಕರೆಂಟು ಡೈನಮೊಗೆ ವಾಪಸು ಹರಿಯದಂತೆ, ಪಂಪ್‌ಸೆಟ್ಟಿನ ಫುಟ್‌ವಾಲ್ವಿನಂತೆ, ತಡೆಯುವುದು ಕಟೌಟ್. ಅದರ ಪಕ್ಕದ ರೆಗ್ಯುಲೇಟರ್ ವೋಲ್ಟೇಜು ಮಿತಿ ಮೀರದಂತೆ ಕಾಯುತ್ತದೆ. ಕಪ್ಪಾದ ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಮೇಸ್ತ್ರಿ ಉಜ್ಜಿ ಒರೆಸುತ್ತಾರೆ. ಅದರ ಸೆಟ್ಟಿಂಗ್ ಸ್ಕ್ರೂಗೆ ಮಾತ್ರ ಸುಮ್ಮನೆ ಕೈಹಾಕುವುದಿಲ್ಲ. ಇನ್ನುಳಿದ ಕಮ್ಯುಟೇಟರ್ ಲೇತು, ಮೈಕಾ ಕೆರೆಯುವುದು, ರಿವೈಂಡಿಂಗ್ ಎಲ್ಲ ಪಕ್ಕದ ಓಣಿಯವರ ಕೆಲಸ.

ಎಲ್ಲರೂ ಇಷ್ಟು ಕಷ್ಟಪಡುವುದಿಲ್ಲ. ಡೈನಮೊ ಕಳಚಿ ಮಾರುತಿಯ ಆಲ್ಟರ್ನೇಟರ್ ಕೂರಿಸುವುದೇ ಈಗಿನ ರೂಢಿ. ಅದಕ್ಕೆ ಕಾರಣವೂ ಉಂಟು. ಲೂಕಾಸ್ ಸಿ39, ಸಿ40 ಡೈನಮೊಗಳು ಪೂರ್ಣ ವೇಗದಲ್ಲೂ ಕೊಡುವುದು 20 ಆಂಪಿಯರ್ ಆಸುಪಾಸು, ಐಡ್ಲಿಂಗಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ರಾತ್ರಿ ಹೆಡ್‌ಲೈಟು ಹಾಕಿಕೊಂಡು ಸಿಲ್ಕ್ ಬೋರ್ಡಿನ ಜಾಮಿನಲ್ಲಿ ನಿಂತರೆ ಅದು ತಾಳಲಾರದು. ಆದರೆ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ ಹೊರಡುವ ಗಾಡಿಗೆ ಡೈನಮೊ ಧಾರಾಳವಾಗಿ ಸಾಕು. ಒಂದು ಜೊತೆ ಬ್ರಷ್ಷಿನಲ್ಲಿ ಮುಗಿಯುವ ರಿಪೇರಿಗೆ ಒಳ್ಳೆಯ ಡೈನಮೊ ಗುಜರಿ ಸೇರುವುದನ್ನು ನೋಡಿದರೆ ಸಂಕಟವಾಗುತ್ತದೆ. ಡೈನಮೊ ಬಂದರೆ ತಾನೇ ಹುಡುಗರು ಈ ಕೆಲಸ ಕಲಿಯುವುದು? ಮೇಸ್ತ್ರಿಯ ಬಳಿ ಈಗ ಶಿಷ್ಯರು ಯಾರೂ ಇಲ್ಲ.

ಹಾಗಾಗಿ ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಡೈನಮೊ ಎಸೆಯುವ ಮೊದಲು ಡಿ-ಎಫ್ ಪರೀಕ್ಷೆ ಮಾಡಿಸಿ, ಮುಳ್ಳು ಎಷ್ಟಕ್ಕೆ ನಿಂತಿತೆಂದು ಬರೆದಿಟ್ಟುಕೊಳ್ಳಿ. ಹಿಂಬದಿಯ ಬುಷ್‌ಗೆ ಆಗಾಗ ಎರಡು ಹನಿ ಎಣ್ಣೆ ಬಿಡಿ. ಆಲ್ಟರ್ನೇಟರ್ ಹಾಕಿಸಲೇಬೇಕಾದರೆ ಹಳೆಯದನ್ನು ಮಾರದೆ ಮನೆಯಲ್ಲೇ ಇಟ್ಟುಕೊಳ್ಳಿ. ಇಂಥ ಮೇಸ್ತ್ರಿಯ ಬಳಿ ಹೋಗುವಾಗ ನಿಮ್ಮ ಬಡಾವಣೆಯ ಎಳೆಯ ಮೆಕ್ಯಾನಿಕ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಿ.