ಫ್ರೆಂಚು ಶಬ್ದಗಳನ್ನು ಬಿಡಿಸಿ ನುಡಿಯುವ ಬಗೆ



ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. 2024ನೆಯ ಇಸವಿಯಲ್ಲಿ ಈ ಕೆರೆಯು ರಾಮ್ಸಾರ್ ಒಪ್ಪಂದದ ಪಟ್ಟಿಯನ್ನು ಸೇರಿತು. ಆ ಒಪ್ಪಂದದ ಅಧಿಕೃತ ಭಾಷೆಗಳಲ್ಲಿ ಫ್ರೆಂಚೂ ಒಂದು. ಆದುದರಿಂದ ಆ ಭಾಷೆಯ ಉಚ್ಚಾರಣೆಯನ್ನು ಈ ಹಕ್ಕಿಗಳ ನೆಪದಿಂದಲೇ ವಿಚಾರಿಸೋಣ.

ಹಕ್ಕಿಗೆ ಫ್ರೆಂಚರು 'ವಾಜ಼ೋ' ಎನ್ನುವರು. ಚುಕ್ಕೆಯಿಟ್ಟ ಜಕಾರವೆಂದರೆ ಸಕಾರಕ್ಕೆ ನಾದ ಕೂಡಿಸಿದ ಧ್ವನಿ. ಬರೆವಣಿಗೆಯಲ್ಲಿ ಓ, ಐ, ಎಸ್, ಇ, ಎ, ಯು ಎಂದು ಆರು ಲಿಪಿಗಳಿದ್ದರೂ ಉಚ್ಚಾರದಲ್ಲಿರುವುವು ಎರಡೇ ಅಕ್ಷರಗಳು: ವಾ-ಜ಼ೋ. ಇಂಗ್ಲಿಷಿನ ಅಭ್ಯಾಸದಿಂದ ಲಿಪಿಲಿಪಿಯನ್ನೂ ಓದಹೊರಟ ವಿದ್ಯಾರ್ಥಿಯು ಇಲ್ಲಿ ಮುಗ್ಗರಿಸುವನು. ಕನ್ನಡದ ಅಕ್ಷರಜ್ಞಾನವನ್ನು ನೆಚ್ಚಿದವನಿಗೆ ದಾರಿ ಸುಲಭ.

ನುಡಿಯಲ್ಲಿ ಕೇಳಿಬರುವ ಸ್ವರಗಳೆಷ್ಟೋ ಅಕ್ಷರಗಳೂ ಅಷ್ಟೇ. ಇದು ಮೊದಲನೆಯ ಸೂತ್ರ. ಎರಡು ಸ್ವರಗಳ ನಡುವಣ ಒಂಟಿ ವ್ಯಂಜನವು ಮುಂದಿನ ಸ್ವರವನ್ನು ಸೇರುವುದು. ಪ್ರಾಣಿ ಎಂಬರ್ಥದ ಶಬ್ದವು ಆ-ನಿ-ಮಾಲ್ ಎಂದಾಗುವುದು. ಎರಡು ವ್ಯಂಜನಗಳು ಕೂಡಿದರೆ ಸಾಮಾನ್ಯವಾಗಿ ಒಡೆಯುವುವು. ಹೊರಡು ಎಂಬುದಕ್ಕೆ ಪಾರ್-ತೀರ್. ನಮ್ಮ 'ಕರ್ತ' ಶಬ್ದದಲ್ಲಿಯೂ ಕಿವಿಗೆ ಕೇಳುವುದು ಕರ್-ತ ಎಂದೇ. ಆದುದರಿಂದಲೇ ಛಂದಸ್ಸಿನಲ್ಲಿ ಕಕಾರವು ಗುರು. ಆದರೆ ಬಕಾರ, ತಕಾರಾದಿಗಳ ಹಿಂದೆಯೇ ರ, ಲಗಳು ಬಂದರೆ ಜೋಡಿಯು ಒಡೆಯದು, ಚಿತ್ರಪಟಕ್ಕೆ ತಾ-ಬ್ಲೋ.

ಶಬ್ದಾಂತ್ಯದ ವ್ಯಂಜನವು ಅನೇಕ ವೇಳೆ ಮೂಕವಾಗಿರುವುದು. ಬಸ್ಸಿನ 'ಡಿಪೋ' ಎನ್ನುವ ಹಳ್ಳಿಗನು ಆ ಫ್ರೆಂಚು ಶಬ್ದದ ಕೊನೆಯ ಟಿ ಲಿಪಿಯನ್ನು ಫ್ರೆಂಚರಂತೆಯೇ ನುಡಿಯದೆ ಬಿಡುವನು. ಆದರೆ ಮುಂದೆ ಸ್ವರವು ಬಂದರೆ ಕೆಲವೆಡೆ ಆ ಮೂಕ ವ್ಯಂಜನವು ಎಚ್ಚರಗೊಳ್ಳುವುದುಂಟು. ಬಹುವಚನವನ್ನು ಸೂಚಿಸುವ 'ಲೇ' ಎಂಬುದರ ಕೊನೆಯ ಎಸ್ ಲಿಪಿ ಮೂಕವಾದುದು. 'ಹಕ್ಕಿಗಳು' ಎನ್ನುವಾಗ ಅದು ಲೇ-ಜ಼್ವಾ-ಜ಼ೋ ಎಂದು ಮುಂದಿನ ಶಬ್ದಕ್ಕೆ ಹತ್ತಿಕೊಳ್ಳುವುದು. 'ಮರವನ್ನು' ಎಂಬಲ್ಲಿ ವಕಾರವು ಹೊಸದಾಗಿ ಬಂದಿತು. ಅಲ್ಲಿ ಇದ್ದುದೇ ಎದ್ದಿತು. ಸಂಧಿಯನ್ನು ಬಲ್ಲವರಿಗೆ ಇದೇನೂ ಅಪರಿಚಿತವಲ್ಲ.

ಇನ್ನು ಹೆಬ್ಬಾತಿನ ಪೂರ್ಣನಾಮವನ್ನು ನೋಡೋಣ: 'ವಾ ಆ ತೆತ್ ಬಾರೇ'. 'ತೆತ್' ಎಂದರೆ ತಲೆ. ಅದರ ಕೊನೆಯ ಇ ಲಿಪಿಯು ಮಾತಿನಲ್ಲಿ ಅಡಗುವುದು. ಪದ್ಯದಲ್ಲಿಯಾದರೋ ಮುಂದೆ ವ್ಯಂಜನವಿರುವಾಗ ಅದನ್ನು ಒಂದು ಅಕ್ಷರವೆಂದು ಎಣಿಸುವರು. 'ಬಾರೇ' ಶಬ್ದವನ್ನು ಪಂಕ್ತಿಯ ಕೊನೆಯಲ್ಲಿ ಒಡೆಯಬೇಕಾದರೆ ಅಚ್ಚುಕೂಟದವರು ಎರಡು ರೇಫಗಳ ನಡುವೆ ಒಡೆಯುವರು. ಬಾಯಿಯಲ್ಲಿ ಇರುವುದು ಒಂದೇ ರೇಫ. ಅಚ್ಚಿನ ವಿಭಾಗ ಬೇರೆ, ಉಚ್ಚಾರದ ವಿಭಾಗ ಬೇರೆ ಎಂಬುದನ್ನು ಮರೆಯಲಾಗದು.

ಫ್ರೆಂಚನು ನಮ್ಮ ಮಾಗಡಿಯನ್ನು 'ಮಗದಿ' ಎಂದಾನು. ಅವನ ನುಡಿಯಲ್ಲಿ ನಮ್ಮ ಡಕಾರವಿಲ್ಲ, ದೀರ್ಘದ ಗಣನೆಯೂ ಇಲ್ಲವೆಂಬಷ್ಟು ಕಡಿಮೆ. ಒತ್ತು ಬೀಳುವುದು ಕೊನೆಯ ಅಕ್ಷರದ ಮೇಲೆ. ಅಷ್ಟಾದರೂ ಮೂರು ಅಕ್ಷರಗಳು ಮೂರಾಗಿಯೇ ಉಳಿಯುವುವು. ಅವನು ನಮ್ಮೂರ ಹೆಸರನ್ನು ಕಿವಿಗೊಟ್ಟು ಕಲಿಯಲೆಂದು ಬಯಸುವ ನಾವು ಅವನ ಶಬ್ದಗಳನ್ನೂ ಮೊದಲು ಕಿವಿಯಿಂದ ಬಿಡಿಸಿಕೊಂಡು, ಬಳಿಕ ಕಣ್ಣಿನಿಂದ ಓದುವುದು ಉಚಿತ.